ಪೆಟ್ಟಿನ ನಂತರದ ಫಿಸಿಯೊಥೆರಪಿ: ಮಾಡಿಸಿಕೊಳ್ಳುವುದೋ, ಮಾಡುವುದೋ?

ಮೂಳೆ ಮುರಿದವರಿಗೆ ಪ್ಲಾಸ್ಟರ್ ಬಿಚ್ಚಿದ ದಿನ ಸಿಗುವ ಚೀಟಿಯಲ್ಲಿ ಹೆಚ್ಚಾಗಿ ಒಂದೇ ಸಾಲು ಇರುತ್ತದೆ: ‘ಫಿಸಿಯೊಥೆರಪಿ ಮಾಡಿಸಿಕೊಳ್ಳಿ’. ಎಲ್ಲಿ, ಯಾರಲ್ಲಿ, ವಾರಕ್ಕೆ ಎಷ್ಟು ಸಲ, ಎಷ್ಟು ತಿಂಗಳು ಎಂಬ ಪ್ರಶ್ನೆಗಳಿಗೆ ಆ ಸಾಲಿನಲ್ಲಿ ಉತ್ತರವಿಲ್ಲ. ಹುಡುಕಲು ಹೊರಟವರ ಮುಂದೆ ಆಯ್ಕೆಗಳು ಮಾತ್ರ ಸಾಲುಗಟ್ಟಿ ನಿಲ್ಲುತ್ತವೆ: ಆಸ್ಪತ್ರೆಯ ಹೊರರೋಗಿ ವಿಭಾಗ, ಖಾಸಗಿ ಕ್ಲಿನಿಕ್, ಮನೆಗೇ ಬರುವ ಥೆರಪಿಸ್ಟ್, ವಿಡಿಯೊ ಕರೆ, ಯಂತ್ರಗಳ ಪ್ಯಾಕೇಜ್, ನೀರಿನೊಳಗಿನ ವ್ಯಾಯಾಮ, ಇಲ್ಲವೇ ಅಚ್ಚಾದ ಒಂದು ಹಾಳೆಯನ್ನು ಹಿಡಿದು ಮನೆಯಲ್ಲೇ ಅಭ್ಯಾಸ. ಅಪಘಾತದಿಂದಲೋ, ಜಾರಿ ಬಿದ್ದೋ, ಆಟದ ಮೈದಾನದಲ್ಲೋ ಪೆಟ್ಟು ತಿಂದು ಚೇತರಿಸಿಕೊಳ್ಳುತ್ತಿರುವವರು ಇವುಗಳನ್ನು ಹೇಗೆ ತೂಗಿ ನೋಡಬಹುದು ಎಂಬುದು ಈ ಬರಹದ ವಿಷಯ.

ನಮ್ಮ ಕ್ರಿಯಾಪದವೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ‘ಮಾಡಿಸಿಕೊಳ್ಳುವುದು’ ಎಂದಾಗ, ಎಕ್ಸ್‌ರೇ ತೆಗೆಸಿಕೊಂಡಂತೆ, ಹಲ್ಲು ಕೀಳಿಸಿಕೊಂಡಂತೆ, ನಾವು ಸುಮ್ಮನಿದ್ದು ಬೇರೆಯವರು ಕೆಲಸ ಮುಗಿಸಿಕೊಡುವ ಚಿತ್ರ ಮನಸ್ಸಿಗೆ ಬರುತ್ತದೆ. ಫಿಸಿಯೊಥೆರಪಿಯಲ್ಲಿ ಮಾಡಿಸಿಕೊಳ್ಳುವ ಭಾಗವೂ ಇದೆ, ಮಾಡುವ ಭಾಗವೂ ಇದೆ. ಶಕ್ತಿಯನ್ನು, ಸಮತೋಲನವನ್ನು, ನಡಿಗೆಯನ್ನು ಮರಳಿ ತರುವುದು ಬಹುಮಟ್ಟಿಗೆ ಎರಡನೆಯದು. ಆದ್ದರಿಂದ ಯಾವ ಆಯ್ಕೆಯನ್ನಾದರೂ ಅಳೆಯಲು ನಾನು ಬಳಸುವ ಅಳತೆಗೋಲು ಒಂದೇ: ಥೆರಪಿಸ್ಟ್ ಎದುರಿಗಿಲ್ಲದ ದಿನದ ಉಳಿದ 23 ಗಂಟೆಗಳನ್ನು ಆ ಆಯ್ಕೆ ಬದಲಾಯಿಸುತ್ತದೆಯೇ?

ಮೊದಲು ಗಾಯದ ವಯಸ್ಸು

ಯಾವ ಚಿಕಿತ್ಸೆ ಎಂದು ಕೇಳುವ ಮೊದಲು ಗಾಯಕ್ಕೆ ಎಷ್ಟು ವಾರವಾಯಿತು ಎಂದು ಕೇಳಬೇಕು. ಮುರಿದ ಮೂಳೆಯ ಸುತ್ತ ಮೊದಲ ದಿನಗಳಲ್ಲಿ ರಕ್ತ ಹೆಪ್ಪುಗಟ್ಟಿ ಉರಿಯೂತ ಉಂಟಾಗುತ್ತದೆ. ಆಮೇಲೆ ಮೆದು ಅಂಗಾಂಶದ ಸೇತುವೆಯೊಂದು ಎರಡು ತುದಿಗಳನ್ನು ಕೂಡಿಸುತ್ತದೆ. ಅದು ವಾರಗಳ ನಂತರ ಗಟ್ಟಿ ಮೂಳೆಯಾಗಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತನ್ನ ಆಕಾರವನ್ನು ತಿದ್ದಿಕೊಳ್ಳುತ್ತಿರುತ್ತದೆ. ಮಣಿಕಟ್ಟಿನ ಸಾಮಾನ್ಯ ಮುರಿತ ಸುಮಾರು 6 ವಾರಗಳಲ್ಲಿ ಪ್ಲಾಸ್ಟರ್ ಬಿಚ್ಚುವಷ್ಟು ಕೂಡಿಕೊಂಡರೆ, ಮಂಡಿಯ ಕೆಳಗಿನ ದಪ್ಪ ಮೂಳೆಗೆ 3ರಿಂದ 4 ತಿಂಗಳು ಅಥವಾ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಪೆಟ್ಟಾದ ನರ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ತೋಳಿನಲ್ಲಿ ತುಂಡಾಗಿ ಹೊಲಿಸಿಕೊಂಡ ನರ ಅಂಗೈಯನ್ನು ಮುಟ್ಟಲು ಒಂದು ವರ್ಷವೇ ಹಿಡಿಯಬಹುದು. ಆ ವರ್ಷದಲ್ಲಿ ಫಿಸಿಯೊಥೆರಪಿಯ ಕೆಲಸ ಬೆರಳುಗಳಿಗೆ ಬಲ ತುಂಬುವುದಲ್ಲ, ನರ ತಲುಪುವ ಹೊತ್ತಿಗೆ ಕೀಲುಗಳು ಬಿಗಿದುಹೋಗದಂತೆ ಕಾಯುವುದು. ಇದು ತಿಳಿಯದವರು ‘ಆರು ತಿಂಗಳಾದರೂ ಏನೂ ಆಗಲಿಲ್ಲ’ ಎಂದು ಬೇಸತ್ತು, ಬಿಡಬಾರದ ಹೊತ್ತಿನಲ್ಲಿ ಅಭ್ಯಾಸವನ್ನು ಬಿಟ್ಟುಬಿಡುತ್ತಾರೆ.

ಕಾಲಿನ ಪೆಟ್ಟಿನಲ್ಲಿ ಇನ್ನೊಂದು ಮಾಹಿತಿ ಅತ್ಯಗತ್ಯ: ಎಷ್ಟು ಭಾರ ಹಾಕಬಹುದು? ಕಾಲನ್ನು ನೆಲಕ್ಕೆ ತಾಗಿಸಲೇಬಾರದೇ, ಬೆರಳ ತುದಿ ತಾಗಿಸಬಹುದೇ, ಅರ್ಧ ಭಾರ ಹಾಕಬಹುದೇ, ನೋವು ತಡೆಯುವಷ್ಟು ಪೂರ್ತಿ ಊರಬಹುದೇ ಎಂಬುದನ್ನು ಶಸ್ತ್ರಚಿಕಿತ್ಸಕರು ಬರೆದು ಕೊಡಬೇಕು, ಥೆರಪಿಸ್ಟ್ ಊಹಿಸುವಂತಿರಬಾರದು. ಭಾಗಶಃ ಭಾರ ಎಂದರೆ ಎಷ್ಟು ಎಂಬುದನ್ನು ಕಲಿಯಲು ತೂಕದ ಯಂತ್ರದ ಮೇಲೆ ಆ ಕಾಲನ್ನಿಟ್ಟು, ಹೇಳಿದಷ್ಟು ಕಿಲೋ ತೋರುವವರೆಗೆ ಒತ್ತಿ, ಆ ಒತ್ತಡದ ಅನುಭವವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಹಳೆಯ, ಸರಳ ವಿಧಾನ. ಒಂದೇ ಕೋಲನ್ನು ಬಳಸುವವರು ಅದನ್ನು ಪೆಟ್ಟಾಗದ ಬದಿಯ ಕೈಯಲ್ಲಿ ಹಿಡಿಯಬೇಕು. ಸಿನಿಮಾಗಳಲ್ಲಿ ಮಾತ್ರ ಎಲ್ಲರೂ ನೋಯುವ ಕಾಲಿನ ಬದಿಯಲ್ಲೇ ಕೋಲು ಹಿಡಿದು ಕುಂಟುತ್ತಾರೆ.

ವಿಶ್ರಾಂತಿಯೋ, ಬೇಗ ಚಲನೆಯೋ

1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಪೆಟ್ಟಿಗೆ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಎತ್ತರಿಸಿಡುವುದು ಎಂಬ ನಾಲ್ಕು ಅಂಶಗಳ ಸೂತ್ರವನ್ನು ಕೊಟ್ಟರು. ಅದು ಜಗತ್ತಿನಾದ್ಯಂತ ಬಾಯಿಪಾಠವಾಯಿತು. ಪೂರ್ಣ ವಿಶ್ರಾಂತಿ ಮತ್ತು ಮಂಜುಗಡ್ಡೆ ಎರಡೂ ಚೇತರಿಕೆಯನ್ನು ನಿಧಾನಗೊಳಿಸಬಹುದು ಎಂದು ಅವರೇ ಮುಂದೆ ತಮ್ಮ ನಿಲುವನ್ನು ತಿದ್ದಿಕೊಂಡದ್ದು ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಮೊದಲ ಒಂದೆರಡು ದಿನ ನೋವು ಶಮನಕ್ಕೆ ಮಂಜುಗಡ್ಡೆ ಇಡುವುದರಲ್ಲಿ ತಪ್ಪೇನೂ ಇಲ್ಲ. ವಾರಗಟ್ಟಲೆ ಮಲಗುವುದು ಮಾತ್ರ ದುಬಾರಿ. ಹಾಸಿಗೆಯಲ್ಲಿದ್ದ ಮೊದಲ ವಾರದಲ್ಲೇ ತೊಡೆಯ ಸ್ನಾಯು ಕಣ್ಣಿಗೆ ಕಾಣುವಂತೆ ಕರಗಬಹುದು.

ಹಾಗೆಂದು ಬೇಗ ಚಲನೆ ಎಂಬುದು ಎಲ್ಲ ಗಾಯಗಳಿಗೂ ಒಂದೇ ಅರ್ಥ ಕೊಡುವುದಿಲ್ಲ. ವಯಸ್ಸಾದವರ ಸೊಂಟದ ಕೀಲಿನ ಮುರಿತಕ್ಕೆ ಶಸ್ತ್ರಚಿಕಿತ್ಸೆಯಾದರೆ, ವೈದ್ಯಕೀಯ ಅಡ್ಡಿಯಿಲ್ಲದಿದ್ದಲ್ಲಿ ಮರುದಿನವೇ ಎಬ್ಬಿಸಿ ನಿಲ್ಲಿಸಬೇಕೆಂದು ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಪಕ್ಕೆಲುಬು ಮುರಿದವರಿಗೆ ಬೇಗ ಚಲನೆ ಎಂದರೆ ಎದೆಗೆ ದಿಂಬನ್ನು ಒತ್ತಿ ಹಿಡಿದು ಆಳವಾಗಿ ಉಸಿರೆಳೆಯುವುದು, ಕೆಮ್ಮಿ ಕಫ ತೆಗೆಯುವುದು; ನೋವಿಗೆ ಹೆದರಿ ಮೇಲುಸಿರಿನಲ್ಲೇ ದಿನ ಕಳೆದರೆ ನ್ಯುಮೋನಿಯಾ ಕಾಯುತ್ತಿರುತ್ತದೆ. ಮೂಳೆ ಮುರಿಯದೆ ಜಾರಿದ ಮೊಣಕೈಯನ್ನು ಸ್ವಸ್ಥಾನಕ್ಕೆ ಕೂರಿಸಿದ ಮೇಲೆ 3 ವಾರಗಳಿಗಿಂತ ಹೆಚ್ಚು ಕಾಲ ಕಟ್ಟಿಟ್ಟರೆ ಅದು ಬಿಗಿದುಕೊಳ್ಳುವ ಸಾಧ್ಯತೆ ಹೆಚ್ಚು, ಆದ್ದರಿಂದ ಕೆಲವೇ ದಿನಗಳಲ್ಲಿ ಬಾಗಿಸಲು ಆರಂಭಿಸುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ, ಬೆರಳನ್ನು ಮಡಚುವ ಸ್ನಾಯುರಜ್ಜು ತುಂಡಾಗಿ ಹೊಲಿಗೆ ಬಿದ್ದವರು ತಮ್ಮಿಷ್ಟದಂತೆ ಮುಷ್ಟಿ ಬಿಗಿದರೆ ಹೊಲಿಗೆಯೇ ಕಿತ್ತುಬರಬಹುದು. ಅಲ್ಲಿ ಕೈಚಿಕಿತ್ಸೆಯಲ್ಲಿ ಪಳಗಿದವರು ಹಾಕಿಕೊಟ್ಟ ಸ್ಪ್ಲಿಂಟ್‌ನ ಮಿತಿಯೊಳಗೇ ಚಲನೆ ನಡೆಯಬೇಕು.

ಯಂತ್ರ, ಕೈಚಳಕ, ವ್ಯಾಯಾಮ

ಗೊಂದಲ ಹೆಚ್ಚಿರುವುದು ಇಲ್ಲಿ. ಅನೇಕ ಕಡೆ ಒಂದು ಭೇಟಿ ಎಂದರೆ ಬಿಸಿ ಶಾಖ ಹತ್ತು ನಿಮಿಷ, ವಿದ್ಯುತ್ ಪ್ಯಾಡ್ ಹದಿನೈದು ನಿಮಿಷ, ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ, ಧ್ವನಿತರಂಗದ ಚಿಕಿತ್ಸೆ) ಐದು ನಿಮಿಷ, ಕೊನೆಗೆ ಎರಡು ವ್ಯಾಯಾಮ. ಮಲಗಿದ್ದವರಿಗೆ ಹಿತವೆನಿಸುತ್ತದೆ, ಬಿಲ್ಲಿನಲ್ಲೂ ನಾಲ್ಕು ಸಾಲು ಮೂಡುತ್ತವೆ. ಪ್ರತಿಯೊಂದನ್ನೂ ಬಿಡಿಸಿ ನೋಡೋಣ.

ಟೆನ್ಸ್ ಎಂಬ ವಿದ್ಯುತ್ ಪ್ಯಾಡಿನ ಹಿಂದೆ 1965ರಲ್ಲಿ ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ ಮಂಡಿಸಿದ ‘ಗೇಟ್’ ಸಿದ್ಧಾಂತವಿದೆ: ಚರ್ಮದಿಂದ ಬರುವ ಸ್ಪರ್ಶದ ಸಂಕೇತಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳ ದಾರಿಯನ್ನು ಕಿರಿದಾಗಿಸುತ್ತವೆ. ಪೆಟ್ಟಾದ ಕೂಡಲೇ ನಾವು ಆ ಜಾಗವನ್ನು ಉಜ್ಜಿಕೊಳ್ಳುವುದೂ ಇದೇ ಕಾರಣಕ್ಕೆ. ಅದರಿಂದ ಸಿಗುವುದು ತಾತ್ಕಾಲಿಕ ಶಮನ. ಮೂಳೆಯನ್ನಾಗಲೀ ಸ್ನಾಯುವನ್ನಾಗಲೀ ಅದು ಕೂಡಿಸುವುದಿಲ್ಲ. ಆ ಶಮನ ಸಿಕ್ಕ ಅರ್ಧ ಗಂಟೆಯಲ್ಲಿ ಮಂಡಿಯನ್ನು ಇನ್ನಷ್ಟು ಬಾಗಿಸಲು ಸಾಧ್ಯವಾದರೆ ಪ್ಯಾಡ್ ಸಾರ್ಥಕ. ಪ್ಯಾಡ್ ತೆಗೆದು ಮನೆಗೆ ಹೋಗಿ ಮಲಗುವುದಾದರೆ ಅದು ಬರೀ ಸಮಾಧಾನ.

ಮುರಿದ ಮೂಳೆ ಬೇಗ ಕೂಡಲೆಂದು ಕಡಿಮೆ ತೀವ್ರತೆಯ ಅಲ್ಟ್ರಾಸೌಂಡ್ ಉಪಕರಣಗಳನ್ನು ಕೊಳ್ಳಲು ಹೇಳುವುದುಂಟು. ಮಂಡಿಯ ಕೆಳಗಿನ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ 501 ಜನರಲ್ಲಿ ನಿಜವಾದ ಉಪಕರಣವನ್ನೂ ತೋರಿಕೆಯ ಉಪಕರಣವನ್ನೂ ಹೋಲಿಸಿದ ಅಧ್ಯಯನವೊಂದು 2016ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂಳೆ ಕೂಡುವ ವೇಗದಲ್ಲಾಗಲೀ ಓಡಾಟದ ಚೇತರಿಕೆಯಲ್ಲಾಗಲೀ ವ್ಯತ್ಯಾಸ ಕಾಣಲಿಲ್ಲ. ಕೀಲನ್ನು ಗಂಟೆಗಟ್ಟಲೆ ತಾನಾಗಿ ಬಾಗಿಸುವ ಯಂತ್ರದ ಹಿಂದೆ ಕೆನಡಾದ ರಾಬರ್ಟ್ ಸಾಲ್ಟರ್ 1970ರ ದಶಕದಲ್ಲಿ ನಡೆಸಿದ ಮಹತ್ವದ ಪ್ರಯೋಗಗಳಿವೆ. ಕೀಲಿನೊಳಗಿನ ಕೆಲವು ಶಸ್ತ್ರಚಿಕಿತ್ಸೆಗಳ ನಂತರ ಅದನ್ನು ಇಂದಿಗೂ ಬಳಸುತ್ತಾರೆ. ಆದರೆ ಮಂಡಿ ಬದಲಾವಣೆಯ ನಂತರದ ಅಧ್ಯಯನಗಳಲ್ಲಿ ಅದರಿಂದ ಸಿಕ್ಕ ಲಾಭ ಗಮನಿಸಬೇಕಾದಷ್ಟು ದೊಡ್ಡದಾಗಿರಲಿಲ್ಲ. ಯಂತ್ರ ಬಾಗಿಸಿದ ಮಂಡಿ ಮತ್ತು ತಾನೇ ಬಾಗಿದ ಮಂಡಿ ಒಂದೇ ಅಲ್ಲ. ಎರಡನೆಯದರಲ್ಲಿ ಸ್ನಾಯುವೂ ಮಿದುಳೂ ಕೆಲಸ ಮಾಡಿರುತ್ತವೆ.

ನುರಿತ ಥೆರಪಿಸ್ಟ್‌ನ ಕೈಗೆ ಬೇರೆಯದೇ ಬೆಲೆಯಿದೆ. ಬಿಗಿದ ಮಣಿಕಟ್ಟು ಅಥವಾ ಭುಜದ ಕೀಲನ್ನು ಮೃದುವಾಗಿ ಸಡಿಲಿಸುವುದು, ಗಾಯದ ಗುರುತಿನ ಚರ್ಮ ಒಳಗಿನ ಪದರಕ್ಕೆ ಅಂಟಿಕೊಳ್ಳದಂತೆ ತಿಕ್ಕುವುದು ಇವು ಯಂತ್ರ ಮಾಡಲಾಗದ ಕೆಲಸಗಳು. ಆದರೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಪೆಟ್ಟಾದ ಮೊಣಕೈಯನ್ನು ಬಲವಂತವಾಗಿ ಎಳೆದು ನೀವಿಸುವುದರಿಂದ ಸ್ನಾಯುವಿನೊಳಗೇ ಮೂಳೆ ಬೆಳೆಯುವ ಅಪಾಯವಿದೆ. ಹಾಗೆ ಬೆಳೆದ ಮೂಳೆ ಕೀಲನ್ನು ಮೊದಲಿಗಿಂತ ಹೆಚ್ಚು ಬಿಗಿಯುತ್ತದೆ. ತೊಡೆಯ ಸ್ನಾಯುವಿಗೆ ಜೋರಾದ ಏಟು ಬಿದ್ದು ರಕ್ತ ಕಟ್ಟಿದಾಗಲೂ ಇದೇ ಮಾತು. ಕೂಗುವಷ್ಟು ನೋವಾದರೆ ಮಾತ್ರ ಕೀಲು ಬಿಡುತ್ತದೆ ಎನ್ನುವವರ ಬಳಿ, ಅವರು ಯಾರೇ ಆಗಿರಲಿ, ಮೊಣಕೈಯನ್ನು ಕೊಡಬಾರದು.

ಪ್ರತಿ ಭೇಟಿಗೂ ಥೆರಪಿಸ್ಟ್ ಬೇಕೇ?

ನೋಡಿಕೊಂಡು ಮಾಡಿಸುವವರು ಇದ್ದಷ್ಟೂ ಒಳ್ಳೆಯದು ಎಂಬುದು ಸಹಜವಾದ ಊಹೆ. ಆದರೆ ಎರಡು ಅಧ್ಯಯನಗಳು ಆ ಊಹೆಯನ್ನು ಪ್ರಶ್ನಿಸುತ್ತವೆ. ಪಾದದ ಕೀಲು ಮಾತ್ರ ಮುರಿದು, ಪ್ಲಾಸ್ಟರ್ ಬಿಚ್ಚಿದ 214 ಜನರಲ್ಲಿ ಒಂದು ಗುಂಪಿಗೆ ಥೆರಪಿಸ್ಟ್ ಮೇಲ್ವಿಚಾರಣೆಯ ವ್ಯಾಯಾಮ ಕಾರ್ಯಕ್ರಮವನ್ನೂ, ಇನ್ನೊಂದು ಗುಂಪಿಗೆ ಕೇವಲ ಸಲಹೆಯನ್ನೂ ಕೊಟ್ಟ ಆಸ್ಟ್ರೇಲಿಯಾದ ಅಧ್ಯಯನ 2015ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂತು. ಓಡಾಟದ ಸಾಮರ್ಥ್ಯದಲ್ಲಾಗಲೀ ಜೀವನದ ಗುಣಮಟ್ಟದಲ್ಲಾಗಲೀ ಮೊದಲ ಗುಂಪಿಗೆ ಹೆಚ್ಚುವರಿ ಲಾಭವಾಗಲಿಲ್ಲ. ವಾಹನಕ್ಕೆ ಹಿಂದಿನಿಂದ ಡಿಕ್ಕಿಯಾದಾಗ ಕುತ್ತಿಗೆ ಝಾಡಿಸಿ ಆಗುವ ಉಳುಕಿನ ಬಗ್ಗೆ 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟಿಷ್ ಅಧ್ಯಯನದಲ್ಲಿ, ಗರಿಷ್ಠ 6 ಭೇಟಿಗಳ ಫಿಸಿಯೊಥೆರಪಿಯನ್ನು ಒಂದೇ ಒಂದು ಸಲಹಾ ಭೇಟಿಯೊಂದಿಗೆ ಹೋಲಿಸಿದರು. ನಾಲ್ಕು ತಿಂಗಳ ಹೊತ್ತಿಗೆ ಮೊದಲನೆಯದರಿಂದ ಸಾಧಾರಣ ಲಾಭ ಕಂಡಿತು. ವರ್ಷದ ಹೊತ್ತಿಗೆ ಅದು ಉಳಿಯಲಿಲ್ಲ.

ಇದರಿಂದ ಫಿಸಿಯೊಥೆರಪಿಯೇ ಬೇಡ ಎಂಬ ಅರ್ಥ ಬರುವುದಿಲ್ಲ. ‘ಕೇವಲ ಸಲಹೆ’ ಪಡೆದವರೂ ಥೆರಪಿಸ್ಟ್ ಬಳಿಯೇ ಕುಳಿತು, ಯಾವಾಗ ಎಷ್ಟು ನಡೆಯಬೇಕು, ವ್ಯಾಯಾಮವನ್ನು ಹೇಗೆ ಏರಿಸಬೇಕು ಎಂದು ಕಲಿತಿದ್ದರು. ಸರಳವಾದ, ಒಂದೇ ಜಾಗದ ಗಾಯಕ್ಕೆ ಒಂದು ದೀರ್ಘವಾದ ಮೊದಲ ಭೇಟಿ ಮತ್ತು ಎರಡು ಮೂರು ವಾರಕ್ಕೊಮ್ಮೆ ಪರಿಶೀಲನೆ ಸಾಕು. ವಾರಕ್ಕೆ ಐದು ದಿನ ಹೋಗಿ ಶಾಖ ಕೊಡಿಸಿಕೊಳ್ಳುವ ಪ್ಯಾಕೇಜಿಗಿಂತ ಇದು ಮೇಲು ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಒಂದಕ್ಕಿಂತ ಹೆಚ್ಚು ಕಡೆ ಮುರಿತವಿರುವವರು, ಕೀಲಿನೊಳಗೆ ಮೂಳೆ ಚೂರಾದವರು, ನರಕ್ಕೆ ಪೆಟ್ಟಾದವರು, ಕೈಯ ಸ್ನಾಯುರಜ್ಜು ಹೊಲಿಸಿಕೊಂಡವರು, ಬಿದ್ದು ಮತ್ತೆ ಬೀಳುವ ಭಯವಿರುವ ಹಿರಿಯರು ಈ ಲೆಕ್ಕಕ್ಕೆ ಸೇರುವುದಿಲ್ಲ. ಅವರಿಗೆ ಮೇಲ್ವಿಚಾರಣೆಯ ಭೇಟಿಗಳು ಬೇಕೇ ಬೇಕು. ‘ಕಾಲೂರಿದರೆ ಮತ್ತೆ ಮುರಿದೀತು’ ಎಂಬ ಹೆದರಿಕೆ ಗಟ್ಟಿಯಾಗಿ ಕೂತವರಿಗೂ ಅಷ್ಟೇ; ಅಪಘಾತ ಮತ್ತೆ ಮತ್ತೆ ಕನಸಿಗೆ ಬರುತ್ತಿದ್ದರೆ ಥೆರಪಿಸ್ಟ್ ಜೊತೆಗೆ ಮನೋವೈದ್ಯಕೀಯ ನೆರವನ್ನೂ ಕೇಳಬೇಕು. ಹೆದರಿದ ದೇಹಕ್ಕೆ ಹಾಳೆಯಲ್ಲಿ ಬರೆದ ವ್ಯಾಯಾಮ ಹೆಚ್ಚು ದಿನ ನಡೆಯುವುದಿಲ್ಲ.

ಕ್ಲಿನಿಕ್, ಮನೆ, ಪರದೆ, ನೀರು

ಸ್ಥಳದ ಆಯ್ಕೆ ಜನ ಭಾವಿಸುವಷ್ಟು ದೊಡ್ಡ ಪ್ರಶ್ನೆಯಲ್ಲ. ಮೆಟ್ಟಿಲಿಳಿಯಲಾಗದ ಮೊದಲ ವಾರಗಳಲ್ಲಿ ಮನೆಗೆ ಬರುವ ಥೆರಪಿಸ್ಟ್ ಅನುಕೂಲ. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯನ್ನು, ಜಾರುವ ನೆಲವನ್ನು, ತಗ್ಗಾದ ಕುರ್ಚಿಯನ್ನು ಅವರು ಕಣ್ಣಾರೆ ನೋಡಿ ತಿದ್ದಬಲ್ಲರು ಎಂಬುದು ಅದರ ನಿಜವಾದ ಲಾಭ. ಆದರೆ ತೂಕ, ಸೈಕಲ್, ಸಮಾನಾಂತರ ಕಂಬಿಗಳು ಮನೆಯಲ್ಲಿ ಇರುವುದಿಲ್ಲ. ಬಲವನ್ನು ಏರಿಸುವ ಘಟ್ಟಕ್ಕೆ ಬಂದ ಮೇಲೂ ಮನೆಯಲ್ಲೇ ಉಳಿದರೆ ಪ್ರಗತಿ ಮಂಕಾಗುತ್ತದೆ. ವಿಡಿಯೊ ಕರೆ, ಈಗಾಗಲೇ ಒಮ್ಮೆ ಮುಟ್ಟಿ ಪರೀಕ್ಷಿಸಿದವರ ಮುಂದುವರಿಕೆಗೆ ಹೊಂದುತ್ತದೆ. ಊತದ ಬಿಸಿಯನ್ನೋ ಕೀಲಿನ ಸಡಿಲವನ್ನೋ ಪರದೆಯ ಮೂಲಕ ಅಳೆಯಲಾಗದು. ನೀರಿನ ವ್ಯಾಯಾಮದ ಲೆಕ್ಕ ಸರಳ: ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಅರ್ಧಕ್ಕೆ, ಎದೆಯವರೆಗಿದ್ದರೆ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಭಾಗಶಃ ಭಾರದ ಘಟ್ಟದಲ್ಲಿ ನಡಿಗೆಯನ್ನು ಅಭ್ಯಾಸ ಮಾಡಲು ಇದು ಸೊಗಸಾದ ದಾರಿ, ಮಾಯದ ಗಾಯವಿಲ್ಲದಿದ್ದರೆ.

ಬೆನ್ನುಹುರಿಗೆ ಅಥವಾ ಮಿದುಳಿಗೆ ಪೆಟ್ಟಾದವರಿಗೆ ಮೇಲಿನ ಹೋಲಿಕೆ ಅನ್ವಯಿಸುವುದಿಲ್ಲ. ವೈದ್ಯ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಕೇಂದ್ರವನ್ನು ತೆರೆದಾಗ, ಹಾಸಿಗೆ ಹುಣ್ಣು, ಮೂತ್ರದ ಸೋಂಕು, ಸ್ನಾಯುಬಲ, ಆಟ, ಉದ್ಯೋಗ ಎಲ್ಲವನ್ನೂ ಒಂದೇ ಸೂರಿನಡಿ ತಂದರು. 1948ರಲ್ಲಿ ಅಲ್ಲಿ ಆರಂಭಿಸಿದ ಸ್ಪರ್ಧೆಗಳಿಂದಲೇ ಪ್ಯಾರಾಲಿಂಪಿಕ್ಸ್ ಬೆಳೆಯಿತು. ಇಂಥ ಗಾಯಗಳಿಗೆ ಒಬ್ಬ ಥೆರಪಿಸ್ಟ್ ಎಷ್ಟೇ ಒಳ್ಳೆಯವರಾದರೂ ಸಾಲದು. ವೈದ್ಯರು, ದಾದಿಯರು, ಔದ್ಯೋಗಿಕ ಚಿಕಿತ್ಸಕರು, ವಾಕ್ ಚಿಕಿತ್ಸಕರು ಜೊತೆಗಿರುವ ಒಳರೋಗಿ ಪುನಶ್ಚೇತನ ಕೇಂದ್ರವೇ ಮೊದಲ ಆಯ್ಕೆ.

ಶಸ್ತ್ರಚಿಕಿತ್ಸೆಗೆ ಬದಲಾಗಿ

ಕೆಲವೊಮ್ಮೆ ಫಿಸಿಯೊಥೆರಪಿ ಶಸ್ತ್ರಚಿಕಿತ್ಸೆಯ ಹಿಂದೆ ಬರುವುದಿಲ್ಲ, ಅದರ ಎದುರಿಗೇ ನಿಲ್ಲುತ್ತದೆ. ಮಂಡಿಯ ಮುಂಭಾಗದ ಅಡ್ಡ ಅಸ್ಥಿರಜ್ಜು, ಅಂದರೆ ಎಸಿಎಲ್, ಹರಿದ 121 ಯುವ ವಯಸ್ಕರನ್ನು ಸ್ವೀಡನ್ನಿನ ಸಂಶೋಧಕರು ಎರಡು ಗುಂಪು ಮಾಡಿದರು: ಒಂದಕ್ಕೆ ಬೇಗನೆ ಶಸ್ತ್ರಚಿಕಿತ್ಸೆ ಮತ್ತು ಪುನಶ್ಚೇತನ, ಇನ್ನೊಂದಕ್ಕೆ ಮೊದಲು ಪುನಶ್ಚೇತನ, ಮಂಡಿ ಅಸ್ಥಿರವೆನಿಸಿದರೆ ಮುಂದೆ ಶಸ್ತ್ರಚಿಕಿತ್ಸೆ. 2010ರಲ್ಲಿ ಪ್ರಕಟವಾದ ಎರಡು ವರ್ಷಗಳ ಫಲಿತಾಂಶದಲ್ಲಿ ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಎರಡನೆಯ ಗುಂಪಿನಲ್ಲಿ ಐದು ವರ್ಷಗಳ ಹೊತ್ತಿಗೆ ಸುಮಾರು ಅರ್ಧದಷ್ಟು ಜನ ಶಸ್ತ್ರಚಿಕಿತ್ಸೆಗೆ ಹೋಗಿದ್ದರು. ಉಳಿದ ಅರ್ಧದಷ್ಟು ಜನರಿಗೆ ಚಾಕು ತಾಗಲೇ ಇಲ್ಲ. ತಿರುಗಿ ನೆಗೆಯುವ ಆಟಗಳ ವೃತ್ತಿಪರರ ಲೆಕ್ಕ ಬೇರೆಯಾಗಬಹುದು. ಮಂಡಿ ಸಿಕ್ಕಿಹಾಕಿಕೊಂಡು ಬಿಚ್ಚಲಾಗದ ಸ್ಥಿತಿಯಲ್ಲಿ ಕಾಯುವುದೂ ಸರಿಯಲ್ಲ. ಮಿಕ್ಕವರು ‘ಮೊದಲು ಮೂರು ತಿಂಗಳು ವ್ಯಾಯಾಮ ಮಾಡಿ ನೋಡಬಹುದೇ?’ ಎಂದು ಶಸ್ತ್ರಚಿಕಿತ್ಸಕರನ್ನು ಕೇಳುವುದು ನ್ಯಾಯವಾದ ಪ್ರಶ್ನೆ.

ಆಯ್ಕೆ ಸರಿಯಿದೆಯೇ ಎಂದು ತಿಳಿಯುವುದು

ಒಳ್ಳೆಯ ಥೆರಪಿಸ್ಟ್ ಮೊದಲ ದಿನವೇ ಅಳೆಯುತ್ತಾರೆ: ಕೀಲು ಎಷ್ಟು ಡಿಗ್ರಿ ಬಾಗುತ್ತದೆ, ಸ್ನಾಯುವಿನ ಬಲ 0ರಿಂದ 5ರ ಮಾಪಕದಲ್ಲಿ ಎಷ್ಟು, ಒಂಟಿಗಾಲಿನಲ್ಲಿ ಎಷ್ಟು ಸೆಕೆಂಡು ನಿಲ್ಲಬಲ್ಲಿರಿ. ಆ ಅಂಕಿಗಳನ್ನು ರೋಗಿಯೂ ಬರೆದಿಟ್ಟುಕೊಳ್ಳಬೇಕು. ಸಮತಟ್ಟು ನೆಲದ ನಡಿಗೆಗೆ ಮಂಡಿ ಸುಮಾರು 60ರಿಂದ 70 ಡಿಗ್ರಿ, ಕುರ್ಚಿಯಿಂದ ಏಳಲು 90ಕ್ಕೂ ಮಿಗಿಲು, ಕುಕ್ಕರುಗಾಲಿನಲ್ಲಿ ಕೂರಲು 120ಕ್ಕೂ ಹೆಚ್ಚು ಬಾಗಬೇಕು. ‘ಎಲ್ಲ ಸರಿಹೋಗಿದೆ’ ಎಂದು 90ರಲ್ಲೇ ಬಿಟ್ಟವರಿಗೆ ನೆಲದ ಮೇಲೆ ಕೂರುವ ದಿನ ಸತ್ಯ ತಿಳಿಯುತ್ತದೆ. ನಾಲ್ಕು ವಾರಗಳಲ್ಲಿ ಯಾವ ಅಂಕಿಯೂ ಕದಲದೆ, ಅದೇ ಯಂತ್ರ ಅದೇ ಹದಿನೈದು ನಿಮಿಷ ಮುಂದುವರಿಯುತ್ತಿದ್ದರೆ ಥೆರಪಿಸ್ಟನ್ನು ಬದಲಾಯಿಸುವ ಬಗ್ಗೆ ಯೋಚಿಸಬಹುದು.

ನೋವಿನ ಬಗ್ಗೆ ಥೆರಪಿಸ್ಟ್‌ಗಳು ಬಳಸುವ ಒಂದು ನಿಯಮ ಉಪಯುಕ್ತ. ವ್ಯಾಯಾಮದ ಹೊತ್ತಿನಲ್ಲಿ ಸ್ವಲ್ಪ ನೋವು ಸಹಜ. ಅದು ಮರುದಿನ ಬೆಳಗಿನ ಹೊತ್ತಿಗೆ ಹಿಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ, ಊತ ಏರಿದ್ದರೆ, ಪ್ರಮಾಣ ಹೆಚ್ಚಾಯಿತೆಂದು ತಿಳಿದು ಕಡಿಮೆ ಮಾಡಬೇಕು, ನಿಲ್ಲಿಸಬೇಕಾಗಿಲ್ಲ.

ನಿಲ್ಲಿಸಲೇಬೇಕಾದ ಸಂದರ್ಭಗಳೂ ಇವೆ. ಮೀನಖಂಡ ಊದಿ ನೋಯುತ್ತಿದ್ದರೆ ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆನೋವು ಬಂದರೆ ರಕ್ತ ಹೆಪ್ಪುಗಟ್ಟಿರುವ ಶಂಕೆಯಿರುತ್ತದೆ. ಥೆರಪಿಸ್ಟ್‌ಗಾಗಿ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಬೆನ್ನಿಗೆ ಪೆಟ್ಟಾದವರಿಗೆ ತೊಡೆಸಂದಿನಲ್ಲಿ ಸ್ಪರ್ಶಜ್ಞಾನ ಇಲ್ಲವಾದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅದೂ ತುರ್ತು. ಮುರಿತ ಕೂಡಿದ ಮೇಲೂ ಕೈ ಅಥವಾ ಕಾಲು ಸುಟ್ಟಂತೆ ಉರಿಯುತ್ತ, ಬಟ್ಟೆ ಸೋಕಿದರೂ ಸಹಿಸಲಾಗದೆ, ಬಣ್ಣ ಮತ್ತು ಬಿಸಿ ಬದಲಾಗುತ್ತಿದ್ದರೆ ಅದು ಸಿಆರ್‌ಪಿಎಸ್ ಎಂಬ ನೋವಿನ ಕಾಯಿಲೆಯಾಗಿರಬಹುದು. ಬಲವಂತದ ಎಳೆತ ಅದನ್ನು ಕೆರಳಿಸುತ್ತದೆ. ಕನ್ನಡಿ ಚಿಕಿತ್ಸೆಯಂಥ (ಚೆನ್ನಾಗಿರುವ ಕೈ ಅಥವಾ ಕಾಲಿನ ಚಲನೆಯನ್ನು ಕನ್ನಡಿಯಲ್ಲಿ ನೋಡುತ್ತ ಮಾಡುವ ಅಭ್ಯಾಸ) ನಿಧಾನದ ವಿಧಾನಗಳನ್ನು ಬಲ್ಲವರ ಬಳಿ ಬೇಗ ಹೋದಷ್ಟೂ ಒಳ್ಳೆಯದು.

ಯಾವಾಗ ಮುಗಿಸುವುದು ಎಂಬುದನ್ನು ಆರಂಭದಲ್ಲೇ ಮಾತಾಡಿಕೊಳ್ಳುವುದು ವಾಸಿ. ಮಣಿಕಟ್ಟು ಮುರಿದ ಗುಮಾಸ್ತರಿಗೆ ಪೆನ್ನು ಹಿಡಿದು ಬರೆಯುವುದು, ತುಂಬಿದ ಪಾತ್ರೆ ಎತ್ತುವುದು ಗುರಿಯಾದರೆ ಸಾಕು. ಎಸಿಎಲ್ ಶಸ್ತ್ರಚಿಕಿತ್ಸೆಯಾದ ಆಟಗಾರರಿಗೆ ಗೆರೆ ಬಹಳ ಮೇಲಿದೆ: ಪೆಟ್ಟಾದ ಕಾಲಿನ ಬಲ ಇನ್ನೊಂದು ಕಾಲಿನ ಕನಿಷ್ಠ 90 ಪ್ರತಿಶತ ಮುಟ್ಟಿರಬೇಕು, ಒಂಟಿಗಾಲಿನ ನೆಗೆತವೂ ಹಾಗೆಯೇ, ಮತ್ತು ಶಸ್ತ್ರಚಿಕಿತ್ಸೆಯಾಗಿ 9 ತಿಂಗಳು ಕಳೆದಿರಬೇಕು, ಅದಕ್ಕೂ ಮೊದಲು ಮೈದಾನಕ್ಕಿಳಿದವರಲ್ಲಿ ಮತ್ತೆ ಪೆಟ್ಟಾಗುವುದು ಹೆಚ್ಚು. ಎಂಟನೆಯ ತಿಂಗಳಲ್ಲಿ ಮಂಡಿ ನೋಯುತ್ತಿಲ್ಲ ಎಂಬ ಕಾರಣಕ್ಕೆ ಪಂದ್ಯಕ್ಕೆ ಹೆಸರು ಕೊಡುವವರನ್ನು ತಡೆಯುವುದು, ಥೆರಪಿಸ್ಟ್‌ಗಳು ಹೇಳುವಂತೆ, ಮೊದಲ ವಾರದಲ್ಲಿ ಹೆದರಿದವರನ್ನು ನಿಲ್ಲಿಸುವುದಕ್ಕಿಂತ ಕಷ್ಟದ ಕೆಲಸ.